ಕತ್ತಲೆಕಾನಿನ ಗುರುತು

ಕನ್ನಡದ ವ್ಯಾಕರಣಕಾರರು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸಿರುವುದು ಪ್ರೌಢಶಾಲೆಯ ಮೆಟ್ಟಿಲೇರಿದವರೆಲ್ಲರಿಗೂ ವಿದಿತವಾದ ಸಂಗತಿ. ಮರ, ನದಿ, ಬೆಟ್ಟ ಎಂಬಿವು ಹಿರಿಯರ ಬಾಯಿಂದ ಕಿರಿಯರ ಬಾಯಿಗೆ ಇಳಿದು ಬಂದ ರೂಢನಾಮಗಳು. ಭೀಮ, ಕಾವೇರಿ, ಸಿದ್ದಾಪುರ ಎಂಬಿವು ವ್ಯವಹಾರದಲ್ಲಿ ಗುರುತಿಗಾಗಿ ಇಟ್ಟುಕೊಂಡ ಅಂಕಿತನಾಮಗಳು. ಜಾಣ, ಕುಂಟ, ವ್ಯಾಪಾರಿ ಎಂಬಿವು ಅರ್ಥಕ್ಕೆ ಅನುಸಾರವಾಗಿ ಹುಟ್ಟಿದ ಅನ್ವರ್ಥನಾಮಗಳು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಿಂದ ಮೊದಲ್ಗೊಂಡು ಇಂದಿನ ಪಠ್ಯಪುಸ್ತಕದವರೆಗೆ ಈ ವಿಭಾಗಕ್ರಮ ಅವಿಚ್ಛಿನ್ನವಾಗಿ ನಡೆದುಬಂದಿದೆ. ಈ ಮೂರು ಬಗೆಯ ನಾಮಗಳೂ ಒಂದೇ ಹೆಸರಿನಲ್ಲಿ ಕೂಡಿಕೊಳ್ಳುವುದು ಅಪರೂಪ. ಅಂಥದೊಂದು ಹೆಸರು 2000ನೆಯ ಇಸವಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಒಂದು ಕಾಡಿನಿಂದ ಹೊರಟು ಜಗತ್ತಿನ ಸಸ್ಯಶಾಸ್ತ್ರದ ನಾಮಾವಳಿಯನ್ನು ಸೇರಿತು. ಸೆಮೆಕಾರ್ಪಸ್ ಕಥಲೆಕಾನೆನ್ಸಿಸ್ ಎಂಬುದೇ ಆ ಹೆಸರು. ಅದುವರೆಗೆ ಯಾವ ಶಾಸ್ತ್ರಗ್ರಂಥದಲ್ಲಿಯೂ ನಾಮಕರಣಗೊಳ್ಳದೆ ಇದ್ದ ಒಂದು ಕಾಡುಮರಕ್ಕೆ ಇದು ಸಂದಿತು.

ಮೊದಲು ನೋಡಿದಾಗ ಇದು ಕನ್ನಡಿಗರ ನಾಲಿಗೆಗೆ ಒಗ್ಗದ, ಪರದೇಶದ ಹೆಸರೆಂದೇ ತೋರುತ್ತದೆ. ಬಿಡಿಸಿ ನೋಡಿದರೆ ಮನೆಯದೇ ಮಾತು ಕಾಣಿಸುತ್ತದೆ. ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ಸ್ವೀಡನ್ ದೇಶದ ವಿದ್ವಾಂಸ ಲಿನೇಯಸ್ 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದನು. ಮೊದಲ ಪದ ಕುಲವನ್ನೂ ಎರಡನೆಯ ಪದ ಆ ಕುಲದೊಳಗಿನ ಜಾತಿಯನ್ನೂ ಸೂಚಿಸುತ್ತದೆ. ಪ್ರಕೃತ ಹೆಸರಿನ ಮೊದಲ ಪದವಾದ ಸೆಮೆಕಾರ್ಪಸ್ ಎಂಬುದನ್ನು ರೂಪಿಸಿದವನು ಲಿನೇಯಸನ ಮಗ. ಗ್ರೀಕ್ ಭಾಷೆಯಲ್ಲಿ ಸೆಮೆಯೋನ್ ಎಂದರೆ ಗುರುತು, ಕಾರ್ಪೋಸ್ ಎಂದರೆ ಹಣ್ಣು; ಕೂಡಿದರೆ ‘ಗುರುತಿನ ಹಣ್ಣು’ ಎಂದಾಯಿತು. ಈ ಕುಲದಲ್ಲಿ ಜನರಿಗೆ ಚಿರಪರಿಚಿತವಾದುದು ಕೇರುಮರ. ಅದರ ಕಾಯಿಯ ರಸ ಬಟ್ಟೆಗೆ ತಗುಲಿದರೆ ಕರಿಯ ಕಲೆಯಾಗಿ ನಿಲ್ಲುತ್ತದೆ. ಎಷ್ಟು ಒಗೆದರೂ ಹೋಗದು. ಊರಿನ ಬಟ್ಟೆಗಳೆಲ್ಲ ಒಂದೇ ಕಲ್ಲಿನ ಮೇಲೆ ಬೀಳುತ್ತಿದ್ದ ಕಾಲದಲ್ಲಿ ಯಾವ ಬಟ್ಟೆ ಯಾವ ಮನೆಯದೆಂದು ತಿಳಿಯಲು ಮಡಿವಾಳರು ಈ ರಸದಿಂದಲೇ ಗುರುತು ಹಾಕುತ್ತಿದ್ದರು. ಹೀಗೆ ಭಾರತದ ಮಡಿವಾಳನ ಕಸುಬು ಐರೋಪ್ಯ ಶಾಸ್ತ್ರದ ಹೆಸರಿನಲ್ಲಿ ಸೇರಿಕೊಂಡಿತು.

ಇದೇ ಕೇರುಮರಕ್ಕೆ ಸಂಸ್ಕೃತದಲ್ಲಿ ಭಲ್ಲಾತಕವೆಂದು ಹೆಸರು. ಅಮರಕೋಶದ ವನೌಷಧಿವರ್ಗದಲ್ಲಿ ಇದಕ್ಕೆ ಅರುಷ್ಕರ, ಅಗ್ನಿಮುಖೀ ಎಂಬ ಪರ್ಯಾಯನಾಮಗಳಿವೆ. ಅರುಷ್ಕರವೆಂದರೆ ಹುಣ್ಣನ್ನುಂಟುಮಾಡತಕ್ಕದ್ದು, ಅಗ್ನಿಮುಖಿಯೆಂದರೆ ಬೆಂಕಿಯ ಮೋರೆಯುಳ್ಳದ್ದು. ಈ ರಸ ಮೈಗೆ ತಾಗಿದರೆ ಚರ್ಮ ಬೊಬ್ಬೆಯೇಳುವುದನ್ನು ಕಂಡವರಿಗೆ ಈ ಹೆಸರುಗಳ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಗ್ರೀಕ್ ಪದದಿಂದ ಹೆಸರಿಟ್ಟವನು ಬಟ್ಟೆಯ ಮೇಲಿನ ಕಲೆಯನ್ನು ಕಂಡನು. ಅಮರಸಿಂಹನ ಪರಂಪರೆಯವರು ಮೈಮೇಲಿನ ಬೊಬ್ಬೆಯನ್ನು ಕಂಡರು. ವಸ್ತು ಒಂದೇ, ಕಂಡ ಗುಣಗಳು ಎರಡು. ಅನ್ವರ್ಥನಾಮವೆಂಬುದು ವಸ್ತುವಿನ ಪೂರ್ಣಸ್ವರೂಪವನ್ನು ಹೇಳಲಾರದು. ನೋಡಿದವನ ಕಣ್ಣಿಗೆ ಮುಖ್ಯವಾಗಿ ತೋರಿದ ಒಂದು ಗುಣವನ್ನಷ್ಟೇ ಹಿಡಿದಿಡುತ್ತದೆ.

ಇನ್ನು ಎರಡನೆಯ ಪದ. ಲ್ಯಾಟಿನ್ ಭಾಷೆಯಲ್ಲಿ ‘ಎನ್ಸಿಸ್’ ಎಂಬ ಪ್ರತ್ಯಯವು ಸ್ಥಳವಾಚಕಗಳ ಮೇಲೆ ಬಂದು ‘ಅಲ್ಲಿಯದು’ ಎಂಬರ್ಥವನ್ನು ಕೊಡುತ್ತದೆ. ಮೈಸೂರಿನ ಹೆಸರಿನ ಮೇಲೆ ಬಂದರೆ ‘ಮೈಸೊರೆನ್ಸಿಸ್’. ತೋಟಗಳಲ್ಲಿ ಜಲ್ಲೆಜಲ್ಲೆಯಾಗಿ ಹೂ ಬಿಡುವ ತುನ್ಬರ್ಜಿಯ ಬಳ್ಳಿಯೊಂದಕ್ಕೆ ಆ ಹೆಸರಿದೆ. ಕನ್ನಡದ ತದ್ಧಿತ ಪ್ರಕರಣದಲ್ಲಿ ‘ಇಗ’ ಪ್ರತ್ಯಯ ಮಾಡುವ ಕೆಲಸವೂ ಇದಕ್ಕೆ ಸಮೀಪವಾದುದೇ. ಕನ್ನಡ ನಾಡಿನವನು ಕನ್ನಡಿಗನಾದಂತೆ ಕತ್ತಲೆಕಾನಿನ ಈ ಮರವನ್ನು ‘ಕತ್ತಲೆಕಾನಿಗ’ ಎಂದು ಕರೆದರೆ ಲ್ಯಾಟಿನ್ ಪದದ ಅರ್ಥ ಒಂದಿನಿತೂ ಸೋರದು. ಎರಡು ಪದಗಳನ್ನೂ ಕೂಡಿಸಿ ಹೇಳಿದರೆ ‘ಕತ್ತಲೆಕಾನಿನ ಗುರುತುಹಣ್ಣು’ ಎಂದಾಗುತ್ತದೆ. ಕತ್ತಲೆಯೊಳಗಿನ ಗುರುತು ಎಂಬ ಈ ಅರ್ಥಸಂಯೋಗವನ್ನು ಯಾರೂ ಬೇಕೆಂದು ಕಲ್ಪಿಸಿದ್ದಲ್ಲ. ತಾನಾಗಿಯೇ ಒದಗಿ ಬಂದಿದೆ. ಆದರೆ ಪಯಣದಲ್ಲಿ ಒಂದು ನಷ್ಟವೂ ಆಗಿದೆ. ಕತ್ತಲೆಯ ಒತ್ತಕ್ಷರ ರೋಮನ್ ಲಿಪಿಯಲ್ಲಿ ಕಳೆದುಹೋಗಿ, ಅದರ ಸ್ಥಾನದಲ್ಲಿ ಇಲ್ಲದ ಮಹಾಪ್ರಾಣವೊಂದು ಕಾಣಿಸಿಕೊಂಡಿದೆ. ವಿಧಿವತ್ತಾಗಿ ಒಮ್ಮೆ ಪ್ರಕಟವಾದ ಸಸ್ಯನಾಮದ ಅಕ್ಷರಗಳನ್ನು ಮನಬಂದಂತೆ ತಿದ್ದಲು ಶಾಸ್ತ್ರದ ನಿಯಮ ಒಪ್ಪುವುದಿಲ್ಲ. ಕನ್ನಡ ಬಲ್ಲವರು ಓದುವಾಗ ಒತ್ತು ಕೊಟ್ಟು ಓದಿಕೊಂಡರೆ ಸಾಕು.

ಹೆಸರಿನ ಹೃದಯವಿರುವುದು ‘ಕಾನು’ ಎಂಬ ಎರಡಕ್ಷರದಲ್ಲಿ. ತಮಿಳಿನಲ್ಲಿ ಕಾನ್, ಕಾನಂ ಎಂಬ ರೂಪಗಳಿವೆ. ಸಂಸ್ಕೃತದ ಕಾನನ ಶಬ್ದದೊಡನೆ ಇವುಗಳ ಸಾಮ್ಯ ಎದ್ದು ಕಾಣುತ್ತದೆ. ಯಾರು ಯಾರಿಂದ ಪಡೆದರೆಂಬ ವಿಚಾರ ಭಾಷಾಶಾಸ್ತ್ರಜ್ಞರಿಗೆ ಬಿಟ್ಟದ್ದು. ಮಲೆನಾಡಿನವರ ಬಾಯಲ್ಲಿ ಮಾತ್ರ ಕಾನು ಎಂಬುದು ಸಾಮಾನ್ಯವಾಗಿ ಕಾಡೆಂಬುದಕ್ಕೆ ಪರ್ಯಾಯವಲ್ಲ. ಎಲೆಯುದುರಿಸಿ ಬೇಸಗೆಯಲ್ಲಿ ಬರಲಾಗಿ ನಿಲ್ಲುವ ಕಾಡು ಕಾನಲ್ಲ. ಹನ್ನೆರಡು ತಿಂಗಳೂ ಹಸುರಾಗಿದ್ದು, ನೆಲಕ್ಕೆ ಬಿಸಿಲು ಬೀಳಗೊಡದೆ, ತನ್ನೊಳಗೆ ನೀರಿನ ಒರತೆಯನ್ನು ಕಾಪಾಡಿಕೊಂಡಿರುವ ದಟ್ಟಡವಿಯೇ ಕಾನು. ಹುಲ್ಲು ಬೆಳೆಯುವ ಬಯಲು ಬೇಣ. ಅಡಕೆ ತೋಟಕ್ಕೆ ಸೊಪ್ಪನ್ನೊದಗಿಸುವ ಕಾಡು ಸೊಪ್ಪಿನಬೆಟ್ಟ. ನೀರು ನಿಂತು ಕಾಲು ಹೂಳುವ ಕೆಸರುನೆಲ ಜಡ್ಡಿ. ಹೀಗೆ ನೆಲದ ಒಂದೊಂದು ಗುಣಕ್ಕೂ ಒಂದೊಂದು ಹೆಸರಿಟ್ಟುಕೊಂಡು ಬಾಳಿದ ಜನರ ನಿಘಂಟು ಅದು. ಸಿದ್ದಾಪುರ ತಾಲ್ಲೂಕಿನ ಕಾನಸೂರು ಮೊದಲಾದ ಊರುಗಳ ಹೆಸರಿನಲ್ಲಿಯೂ ಈ ಶಬ್ದ ನೆಲೆಸಿದೆ. ಹೊನ್ನಾವರ ತಾಲ್ಲೂಕಿನಲ್ಲಿ ಕರಿಕಾನ ಪರಮೇಶ್ವರಿಯ ಸನ್ನಿಧಿಯಿದೆ. ಕರಿಯ ಕಾನಿನಲ್ಲಿ ನೆಲೆಸಿದವಳಾದುದರಿಂದ ದೇವಿಗೆ ಕಾಡಿನ ಹೆಸರೇ ವಿಶೇಷಣವಾಯಿತು. ದೇವಿಯ ನೆಲೆಯಾದುದರಿಂದ ಕಾಡಿಗೆ ಕೊಡಲಿಯಿಂದ ರಕ್ಷಣೆ ದೊರೆಯಿತು.

ಇದು ಇಂದಿನ ಕಲ್ಪನೆಯಲ್ಲ. 1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಕಾಡುಗಳು ಆಯಾ ಊರಿನ ದೇವತೆಗಳ ಸೊತ್ತೆಂದು ಜನರು ಭಾವಿಸಿರುವುದನ್ನೂ ಅಪ್ಪಣೆಯಿಲ್ಲದೆ ಮರ ಕಡಿದವರ ಮೇಲೆ ದೇವತೆ ಮುನಿಯುವಳೆಂಬ ನಂಬಿಕೆಯನ್ನೂ ದಾಖಲಿಸಿದ್ದಾನೆ. ಅವನಿಗೆ ಅದು ಸರಕಾರದ ಹಕ್ಕನ್ನು ತಪ್ಪಿಸುವ ಉಪಾಯವೆಂದೇ ತೋರಿತು. ಭಾರತದ ಅರಣ್ಯಾಡಳಿತಕ್ಕೆ ಅಡಿಗಲ್ಲಿಟ್ಟ ಬ್ರಾಂಡಿಸ್ ಎಂಬುವರು 1868ರಲ್ಲಿ ಗ್ರಾಂಟ್ ಎಂಬುವರೊಡಗೂಡಿ ಸೊರಬ ತಾಲ್ಲೂಕಿನ ಕಾನುಗಳ ವಿಷಯವಾಗಿಯೇ ಒಂದು ವರದಿಯನ್ನು ಸಿದ್ಧಪಡಿಸಿದರು. ಆ ಆಂಗ್ಲ ವರದಿಯ ಶೀರ್ಷಿಕೆಯಲ್ಲಿ ಕಾನು ಎಂಬ ಕನ್ನಡ ಶಬ್ದ ಹಾಗೆಯೇ ಉಳಿಯಿತು. ತಮ್ಮ ಭಾಷೆಯಲ್ಲಿ ತಕ್ಕ ಶಬ್ದವಿಲ್ಲದಾಗ ಅವರು ಊರವರ ಶಬ್ದವನ್ನೇ ಎತ್ತಿಕೊಂಡರೆಂಬುದು ಗಮನಾರ್ಹ.

ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟವೇರುವ ಹೆದ್ದಾರಿಯ ಆಸುಪಾಸಿನಲ್ಲಿ, ಸಿದ್ದಾಪುರ ತಾಲ್ಲೂಕಿಗೆ ಸೇರಿದ ಕತ್ತಲೆಕಾನಿದೆ. ನಡುಹಗಲಿನಲ್ಲಿಯೂ ಅದರ ಒಳಭಾಗ ಹೆಸರಿಗೆ ತಕ್ಕಂತೆಯೇ ಇರುತ್ತದೆ. ಅಂಕಿತನಾಮವೇ ಅನ್ವರ್ಥನಾಮವೂ ಆದುದಕ್ಕೆ ಇದೊಂದು ನಿದರ್ಶನ. ಈ ಕಾನಿನ ತಗ್ಗುಗಳಲ್ಲಿ, ಸಣ್ಣ ಹಳ್ಳಗಳು ಹರಿದು ಹರಡುವೆಡೆಗಳಲ್ಲಿ, ರಾಮಪತ್ರೆ ಜಡ್ಡಿಗಳೆಂಬ ಜೌಗುನೆಲಗಳಿವೆ. ರಾಮಪತ್ರೆಯು ಜಾಜಿಕಾಯಿಯ ಬಂಧು. ಅದರ ಬೀಜವನ್ನು ಸುತ್ತಿರುವ ಕೆಂಪು ಪತ್ರೆ ಮಸಾಲೆಗೆ ಸಲ್ಲುತ್ತದೆ. ಈ ಜಡ್ಡಿಗಳಲ್ಲಿ ಜಾಜಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳೇ ಪ್ರಧಾನ. ಸದಾ ನೀರಿನಿಂದ ನೆನೆದ ಕೆಸರಿನಲ್ಲಿ ಬೇರುಗಳಿಗೆ ಗಾಳಿ ದೊರೆಯದು. ಆದಕಾರಣ ಕೆಲವು ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದು, ಉಸಿರಾಡಿ, ಮತ್ತೆ ನೆಲದೊಳಕ್ಕೆ ಇಳಿಯುತ್ತವೆ. ಇನ್ನು ಕೆಲವು ಮರಗಳು ಬುಡದ ಸುತ್ತ ಊರುಗೋಲುಗಳಂಥ ಬೇರುಗಳನ್ನು ಇಳಿಬಿಟ್ಟು ಮೆತ್ತನೆಯ ನೆಲದಲ್ಲಿ ಬೀಳದೆ ನಿಲ್ಲುತ್ತವೆ. ತೊಗಟೆಗೆ ಗಾಯವಾದರೆ ರಕ್ತದಂತಹ ಕೆಂಪು ರಸ ಒಸರುತ್ತದೆ. ಈ ಕುಟುಂಬವನ್ನು ಹೂಬಿಡುವ ಸಸ್ಯಗಳ ಪ್ರಾಚೀನ ಶಾಖೆಗಳಲ್ಲಿ ಒಂದೆಂದು ಶಾಸ್ತ್ರಜ್ಞರು ಪರಿಗಣಿಸುತ್ತಾರೆ.

ಇಂತಹ ಜಡ್ಡಿಗಳನ್ನು ವಿದ್ವತ್‌ಪ್ರಪಂಚಕ್ಕೆ ಪರಿಚಯಿಸಿದವರು ಕೃಷ್ಣಮೂರ್ತಿಯವರು. ತಿರುವಾಂಕೂರು ಭಾಗದ ಜಡ್ಡಿಗಳನ್ನು ಕುರಿತು 1960ರಲ್ಲಿ ಅವರು ಬರೆದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ಭಾರತದ ಅರಣ್ಯಗಳನ್ನು ವರ್ಗೀಕರಿಸಿದಾಗ ಇವುಗಳಿಗೂ ಪ್ರತ್ಯೇಕವಾದ ಒಂದು ಸ್ಥಾನ ದೊರೆಯಿತು. ಉತ್ತರ ಕನ್ನಡದ ಜಡ್ಡಿಗಳನ್ನು ಕುರಿತು ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಲೇಖನ ಪ್ರಕಟಿಸಿದರು. ಅದರ ಬೆನ್ನಲ್ಲಿಯೇ, 2000ದಲ್ಲಿ, ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು 1875ರಿಂದ ನಡೆದುಬರುತ್ತಿರುವ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಕತ್ತಲೆಕಾನಿನ ಈ ಹೊಸ ಮರವನ್ನು ವರ್ಣಿಸಿ ಅದಕ್ಕೆ ಹೆಸರಿಟ್ಟರು.

ಮರದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಇದು ಜಡ್ಡಿಯ ಕೆಸರಿನಲ್ಲಿ ಬೇರೂರಿ ಎತ್ತರಕ್ಕೆ ಬೆಳೆಯುವ ನಿತ್ಯಹರಿದ್ವರ್ಣದ ವೃಕ್ಷ. ಮಾವು, ಗೋಡಂಬಿ, ಕೇರು ಇವುಗಳೆಲ್ಲ ಯಾವ ಕುಟುಂಬಕ್ಕೆ ಸೇರಿವೆಯೋ ಆ ಕುಟುಂಬದ ಕುಡಿ. ಎಲೆಗಳು ದೊಡ್ಡವು. ಈ ಕುಲದ ಇತರ ಮರಗಳಂತೆಯೇ ಹೂವುಗಳು ಬಹಳ ಸಣ್ಣವು, ಗೊಂಚಲುಗೊಂಚಲಾಗಿ ಬಿಡತಕ್ಕವು; ಸಂಪಿಗೆಯಂತೆ ಪರಿಮಳದಿಂದ ಕರೆಯುವ, ಮುತ್ತುಗದಂತೆ ಬಣ್ಣದಿಂದ ಕೂಗುವ ಹೂವುಗಳಲ್ಲ. ಗಂಡುಹೂವಿನ ಮರ ಬೇರೆ, ಹೆಣ್ಣುಹೂವಿನ ಮರ ಬೇರೆ. ಕವಿಸಮಯದಲ್ಲಿ ಇದಕ್ಕೆ ಸ್ಥಾನ ದೊರೆಯದಿರುವುದು ಆಶ್ಚರ್ಯವಲ್ಲ. ಅಶೋಕ, ಬಕುಲ, ಚಂಪಕಗಳನ್ನು ವರ್ಣಿಸಿ ವರ್ಣಿಸಿ ದಣಿಯದ ಕವಿಗಳು ಕೆಸರಿನಲ್ಲಿ ಕಾಲಿಟ್ಟು, ಇಂಬಳಗಳಿಂದ ಕಚ್ಚಿಸಿಕೊಂಡು, ತಲೆಯೆತ್ತಿ ನೋಡಿದರೂ ಕಾಣದಷ್ಟು ಮೇಲೆ ಅರಳುವ ಹೂವನ್ನು ಅರಸಿ ಹೋಗಲಿಲ್ಲ. ಕವಿಗಳ ಮಾತಿರಲಿ, ಈ ಜಿಲ್ಲೆಯ ಕಾಡುಗಳನ್ನು ಅಳೆದು ತಿಳಿದ ಅರಣ್ಯಾಧಿಕಾರಿ ಟಾಲ್ಬಟ್ 1909 ಮತ್ತು 1911ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಮುಂಬಯಿ ಪ್ರಾಂತದ ಅರಣ್ಯಸಸ್ಯಗಳ ಮಹಾಗ್ರಂಥದಲ್ಲಿಯೂ ಈ ಜಾತಿಯ ಹೆಸರಿಲ್ಲ.

ಹೊಸ ಜಾತಿಯೊಂದನ್ನು ಗುರುತಿಸುವ ಕಾರ್ಯ ಎಂತಹುದೆಂಬುದು ಪ್ರಾಚೀನ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಸುಲಭವಾಗಿ ಹೊಳೆಯುತ್ತದೆ. ಅಜ್ಞಾತವಾದ ಓಲೆಯ ಕಟ್ಟೊಂದು ದೊರೆತಾಗ ಸಂಪಾದಕನು ಒಡನೆಯೇ ಹೊಸ ಕಾವ್ಯವೆಂದು ಸಾರುವುದಿಲ್ಲ. ತಿಳಿದ ಕಾವ್ಯಗಳೊಡನೆ ಹೋಲಿಸುತ್ತಾನೆ. ಇದು ಪಾಠಾಂತರವೋ ಸ್ವತಂತ್ರಕೃತಿಯೋ ಎಂದು ಪರಿಶೀಲಿಸುತ್ತಾನೆ. ನಿಶ್ಚಯವಾದ ಮೇಲೆ ಪೀಠಿಕೆಯೊಡನೆ ಅಚ್ಚುಹಾಕಿಸುತ್ತಾನೆ. ಮೂಲ ಪ್ರತಿಯು ಭಂಡಾರದಲ್ಲಿ ಉಳಿಯುತ್ತದೆ. ಸಸ್ಯಶಾಸ್ತ್ರಜ್ಞನ ಕ್ರಮವೂ ಇದೇ. ಎಲೆ, ಹೂ, ಕಾಯಿಗಳುಳ್ಳ ರೆಂಬೆಯನ್ನು ಒತ್ತಿ ಒಣಗಿಸಿ, ಸಸ್ಯಾಗಾರದಲ್ಲಿರುವ ಬಂಧುಜಾತಿಗಳ ಒಣಪ್ರತಿಗಳೊಡನೆ ಅಂಗಾಂಗವಾಗಿ ಹೋಲಿಸಬೇಕು. ಕೇಸರಗಳ ಎಣಿಕೆ, ದಳಗಳ ಅಳತೆ, ಎಲೆಯ ನರಗಳ ನಡೆ, ಕಾಯಿಯ ಆಕಾರ ಇವುಗಳಲ್ಲಿ ವ್ಯತ್ಯಾಸ ಸ್ಥಿರವಾಗಿದೆಯೆಂದು ಕಂಡುಬಂದಲ್ಲಿ ಮಾತ್ರ ಹೊಸ ಹೆಸರಿಗೆ ಅಧಿಕಾರ. ಯಾವ ಒಂದು ಒಣರೆಂಬೆಯನ್ನು ಆಧಾರವಾಗಿಟ್ಟುಕೊಂಡು ವರ್ಣನೆ ಮಾಡಲಾಯಿತೋ ಅದನ್ನು ‘ಮಾದರಿ ಪ್ರತಿ’ಯೆಂದು ಹೆಸರಿಸಿ ಕಾಪಾಡಬೇಕು. ಮುಂದೆ ಶಂಕೆ ಬಂದವರು ಅದನ್ನೇ ನೋಡಿ ತೀರ್ಮಾನಿಸಬೇಕು. ವರ್ಣನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಕೊಡತಕ್ಕದ್ದೆಂಬ ನಿಯಮವೂ 2011ರ ಕೊನೆಯವರೆಗೆ ಜಾರಿಯಲ್ಲಿದ್ದಿತು. 2012ರ ಮೊದಲ ದಿನದಿಂದ ಇಂಗ್ಲಿಷಿನಲ್ಲಿಯೂ ಕೊಡಬಹುದೆಂದು ಸಡಿಲಿಸಲಾಯಿತು. ಕನ್ನಡ ಕಾಡಿನ ಮರವೊಂದು ಲೋಕಮಾನ್ಯತೆ ಪಡೆಯಲು ಲ್ಯಾಟಿನ್ನಿನ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ಕಾಲ ಅದು.

ಇಲ್ಲಿ ‘ಶೋಧ’ ಎಂಬ ಶಬ್ದದ ಅರ್ಥವನ್ನು ಸ್ವಲ್ಪ ವಿಚಾರಿಸುವುದು ಯುಕ್ತ. 2000ದಲ್ಲಿ ಆ ಮರ ಹುಟ್ಟಲಿಲ್ಲ. ಮನುಷ್ಯರು ಅದನ್ನು ಕಂಡದ್ದೂ ಅಂದೇ ಮೊದಲಲ್ಲ. ಜೇನಿಗೆಂದು, ಪತ್ರೆಗೆಂದು ಕಾನನ್ನು ಹೊಕ್ಕವರು ಅದರ ನೆರಳಿನಲ್ಲಿ ನಡೆದೇ ಇದ್ದಾರು. ಹಾಗಾದರೆ ಹೊಸದಾದುದು ಯಾವುದು? ಇದು ಬೇರೆ ಯಾವುದೂ ಅಲ್ಲ, ಇದು ಇದೇ ಎಂಬ ನಿಶ್ಚಯವೊಂದೇ ಹೊಸದು. ಗುಂಪಿನಲ್ಲಿ ನಿಂತ ಮನುಷ್ಯನನ್ನು ಹೆಸರು ಹಿಡಿದು ಕೂಗಿದಂತೆ ಅದು. ಹೆಸರಿಲ್ಲದ ವಸ್ತುವಿಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ಲೆಕ್ಕದಲ್ಲಿಲ್ಲದುದು ಇಲ್ಲವಾದರೂ ಯಾರಿಗೂ ತಿಳಿಯುವುದಿಲ್ಲ. ಆದುದರಿಂದ ನಾಮಕರಣವೆಂಬುದು ಪಂಡಿತರ ವಿನೋದವಲ್ಲ, ರಕ್ಷಣೆಯ ಪ್ರಥಮ ಸೋಪಾನ. ಆದರೆ ಪ್ರಥಮ ಸೋಪಾನವಷ್ಟೇ ಎಂಬುದನ್ನೂ ಮರೆಯಬಾರದು.

ಮರದ ಅಳಿವು ಉಳಿವುಗಳು ಜಡ್ಡಿಯ ನೀರನ್ನು ಅವಲಂಬಿಸಿವೆ. ಜಡ್ಡಿಯೆಂದರೆ ಕಾಲುಹೂಳುವ ಕೆಸರು, ಸೊಳ್ಳೆ ಇಂಬಳಗಳ ತಾಣ, ಯಾವುದಕ್ಕೂ ಬಾರದ ನೆಲ ಎಂಬ ಭಾವನೆ ವ್ಯವಹಾರಸ್ಥರಲ್ಲಿ ಸಹಜ. ಆದರೆ ಬೇಸಗೆಯಲ್ಲಿಯೂ ನೀರು ಬತ್ತದ ತಗ್ಗುನೆಲ ಬೇಸಾಯಗಾರನಿಗೆ ಒಪ್ಪಿಗೆಯಾಗುವುದೂ ಅಷ್ಟೇ ಸಹಜ. ಪಶ್ಚಿಮಘಟ್ಟದ ಜಡ್ಡಿಗಳಲ್ಲಿ ಎಷ್ಟೋ ಹಿಂದಿನಿಂದಲೇ ಗದ್ದೆಗಳಾದವು, ಅಡಕೆ ತೋಟಗಳಾದವು. ಅದನ್ನು ಮಾಡಿದವರು ದುಷ್ಟರಲ್ಲ. ಹೊಟ್ಟೆಪಾಡಿಗಾಗಿ ಮಣ್ಣಿನೊಡನೆ ಹೋರಾಡಿದ ಶ್ರಮಜೀವಿಗಳು. ಉಳಿದ ಜಡ್ಡಿಗಳಾದರೂ ಒಂದರಿಂದೊಂದು ದೂರವಾದ ಸಣ್ಣ ಸಣ್ಣ ತುಣುಕುಗಳು. ಮೇಲುಭಾಗದಲ್ಲಿ ಹಳ್ಳದ ದಿಕ್ಕನ್ನು ಬದಲಿಸಿದರೆ, ಅಥವಾ ಸುತ್ತಲಿನ ಕಾಡನ್ನು ತೆಳುವಾಗಿಸಿದರೆ, ಕೆಳಗಿನ ಜಡ್ಡಿಗೆ ಒಂದು ಕೊಡಲಿಪೆಟ್ಟೂ ಬೀಳದೆಯೇ ಅದು ಒಣಗಬಲ್ಲುದು. ರಾಮಪತ್ರೆಯ ಕುಟುಂಬದ ಬೀಜಗಳು ರಾಗಿ ಜೋಳಗಳಂತೆ ಕಣಜದಲ್ಲಿಟ್ಟು ಕಾಯತಕ್ಕವಲ್ಲ, ತೇವವಾರಿದರೆ ಸತ್ತುಹೋಗುತ್ತವೆ. ಅವನ್ನು ನುಂಗಿ ದೂರಕ್ಕೊಯ್ದು ಬಿತ್ತುವ ಮಂಗಟ್ಟೆ ಹಕ್ಕಿಗಳಿಗೂ ಗೂಡಿಗಾಗಿ ಪೊಟರೆಯುಳ್ಳ ಹಿರಿಯ ಮರಗಳು ಬೇಕು. ಕತ್ತಲೆಕಾನಿಗ ಮರಕ್ಕಂತೂ ಇನ್ನೊಂದು ಕಷ್ಟವಿದೆ. ಗಂಡುಮರ ಹೆಣ್ಣುಮರಗಳು ಬೇರೆಬೇರೆಯಾದುದರಿಂದ, ತುಣುಕಾದ ಜಡ್ಡಿಯಲ್ಲಿ ಒಂದೇ ಜಾತಿಯ ಹೂವಿನ ಮರ ಉಳಿದರೆ ಅದು ವರ್ಷವರ್ಷವೂ ಹೂ ಬಿಟ್ಟರೂ ಅಲ್ಲಿ ಸಂತತಿ ಮುಂದುವರಿಯದು. ನೋಡುವವರಿಗೆ ಮರ ಬದುಕಿದೆ. ವಂಶದ ಲೆಕ್ಕದಲ್ಲಿ ಅದು ಕೊನೆಯದು.

ಹೆಸರುಳಿದು ವಸ್ತು ಅಳಿಯುವ ವ್ಯಥೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಒಂದನೆಯ ಗುಣವರ್ಮನು ಶೂದ್ರಕ, ಹರಿವಂಶ ಎಂಬ ಕೃತಿಗಳನ್ನು ರಚಿಸಿದನೆಂದು ತಿಳಿದಿದೆ. ಪೊನ್ನನು ಭುವನೈಕರಾಮಾಭ್ಯುದಯವನ್ನು ರಚಿಸಿದನೆಂದೂ ತಿಳಿದಿದೆ. ಆ ಕಾವ್ಯಗಳು ದೊರೆತಿಲ್ಲ. ಹೆಸರು ಉಳಿದು ಕಾವ್ಯ ಇಲ್ಲವಾದ ಆ ಎಡೆಯಲ್ಲಿ ಸಾಹಿತ್ಯಚರಿತ್ರೆಯ ಬೋಧಕನು ಕ್ಷಣಕಾಲ ತಡೆದು ಮುಂದೆ ಸಾಗುತ್ತಾನೆ. ಓಲೆಗರಿಯಲ್ಲಿದ್ದ ಕಾವ್ಯಕ್ಕೆ ನಾಲ್ಕು ಕಡೆ ನಾಲ್ಕು ಪ್ರತಿಗಳಿರಬಹುದಾಗಿತ್ತು. ಪ್ರತಿ ಮಾಡಿಸಿ ಹಂಚಿದ ಪುಣ್ಯವಂತರಿದ್ದರು. ಒಂದೆರಡು ಜಡ್ಡಿಗಳಲ್ಲಿ ಮಾತ್ರ ಬದುಕುವ ಮರದ ಪ್ರತಿ ಇನ್ನೆಲ್ಲಿ ಸಿಕ್ಕೀತು?

ಕತ್ತಲೆಕಾನಿನ ನೆರೆಯಲ್ಲಿಯೇ, ಅದೇ ಶರಾವತಿಯ ಕಣಿವೆಯಲ್ಲಿ, ಇದಕ್ಕೆ ಒಂದು ನಿದರ್ಶನ ನಡೆದುಹೋಗಿದೆ. ಜೋಗದ ಜಲಪಾತದ ತುಂತುರಿನಲ್ಲಿ ಬೆಳೆಯುತ್ತಿದ್ದ ಒಂದು ಕೋಮಲವಾದ ಹುಲ್ಲನ್ನು 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬುವರು ಸಂಗ್ರಹಿಸಿದರು. ಅದು ಹೊಸ ಕುಲವೆಂದೇ ನಿಶ್ಚಯಿಸಿ ಎನ್. ಎಲ್. ಬೋರ್ ಎಂಬ ತೃಣಶಾಸ್ತ್ರಜ್ಞರು ಹಬ್ಬಾರ್ಡಿಯ ಹೆಪ್ಟನ್ಯೂರಾನ್ ಎಂದು ಹೆಸರಿಡುವ ಹೊತ್ತಿಗೆ ಮೂರು ದಶಕಗಳು ಸಂದಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದ ಬಳಿಕ ಜಲಪಾತದ ತುಂತುರಿನ ಕ್ರಮವೇ ಬದಲಾಯಿತು. ಅನಂತರ ಜೋಗದಲ್ಲಿ ಅರಸಿದವರಿಗೆ ಆ ಹುಲ್ಲು ಕಾಣಲಿಲ್ಲ; ಅಳಿಯಿತೆಂದೇ ಶಾಸ್ತ್ರಜ್ಞರು ಬರೆದರು. ಈ ಶತಮಾನದ ಆರಂಭದಲ್ಲಿ ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ಅದು ಮತ್ತೆ ದೊರೆತದ್ದು ಭಾಗ್ಯವಿಶೇಷ. ಜೋಗದಿಂದ ಹೊರಟ ಹುಲ್ಲಿಗೆ ತಿಲ್ಲಾರಿಯಲ್ಲೊಂದು ಪ್ರತಿಯಿದ್ದಿತು. ಆದರೆ ಎಲ್ಲಕ್ಕೂ ಇಂತಹ ಎರಡನೆಯ ಪ್ರತಿಯಿರುತ್ತದೆಂದು ನಂಬಿ ಕೂರುವುದು ವಿವೇಕವಲ್ಲ.

ಕತ್ತಲೆಕಾನಿನ ಮರದ ಪಾಲಿಗೆ ಹೆಸರು ವ್ಯರ್ಥವಾಗಲಿಲ್ಲವೆಂಬುದು ಸಮಾಧಾನದ ಸಂಗತಿ. ಹೆಸರು ಬಂದ ಬಳಿಕ ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರು ಅದರ ಸಂಖ್ಯೆ, ಹೂಬಿಡುವ ಕ್ರಮ, ಬೀಜಗಳ ಸ್ವಭಾವ ಮೊದಲಾದುವನ್ನು ಅಭ್ಯಸಿಸಿದರು. ಸಸಿಗಳನ್ನು ಬೆಳೆಸಿ ಜಡ್ಡಿಗಳಿಗೆ ಮರಳಿಸುವ ಕಾರ್ಯವೂ ನಡೆಯಿತು. ಕಾನುಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡುವ ಕುತೂಹಲವೂ ಬೆಳೆಯಿತು. 2008ರಲ್ಲಿ ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ಇಂತಹ ಕಾಡುಗಳಲ್ಲಿ ಅತ್ಯಂತ ವಿರಳವಾದ ಮತ್ತೆರಡು ಮರಗಳಿರುವುದನ್ನು ಪ್ರಕಟಿಸಿದರು. ಒಂದು ಹಿಪ್ಪೆಯ ಬಂಧು, ಇನ್ನೊಂದು ನೇರಳೆಯ ಬಂಧು. ನೇರಳೆಯ ಬಂಧುವಿಗೆ ಶಾಸ್ತ್ರದಲ್ಲಿ ತಿರುವಾಂಕೂರಿನ ಹೆಸರಿದೆ. ದೊರೆತದ್ದು ಕನ್ನಡ ಕರಾವಳಿಯ ಮೇಲುಘಟ್ಟದಲ್ಲಿ. ಊರಿನ ಹೆಸರು ಹೊತ್ತ ಮರ ಆ ಊರಿನ ಎಲ್ಲೆಗೆ ಕಟ್ಟುಬಿದ್ದಿರಬೇಕಾಗಿಲ್ಲ. 2011ರಲ್ಲಿ ಈ ಪ್ರದೇಶವನ್ನೊಳಗೊಂಡ 299.52 ಚದರ ಕಿಲೋಮೀಟರ್ ಅರಣ್ಯವನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಸರಕಾರ ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಿ ಒಟ್ಟು 930.16 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವನ್ನಾಗಿ ಮಾಡಲಾಯಿತು. ಕೋತಿಯೊಂದರ ನೆಪದಲ್ಲಿ ಕಾನಿಗೂ ಕಾನಿನೊಳಗಿನ ಜಡ್ಡಿಗೂ ಜಡ್ಡಿಯೊಳಗಿನ ಮರಕ್ಕೂ ಕಾನೂನಿನ ನೆರಳು ದೊರೆತಂತಾಯಿತು.

ಇಷ್ಟಾದರೂ ಒಂದು ಚಿಂತೆ ಉಳಿಯುತ್ತದೆ. ಕರಿಕಾನಿನ ಮರಗಳನ್ನು ಕಾನೂನು ಬರುವ ಮುನ್ನ ಕಾಯ್ದದ್ದು ದೇವಿಯ ಮೇಲಿನ ಭಕ್ತಿ ಮತ್ತು ‘ಕಾನು’ ಎಂಬ ಶಬ್ದ. ಕಾನೆಂದ ಮಾತ್ರಕ್ಕೆ ಅಲ್ಲಿ ಏನು ಮಾಡಬಹುದು, ಏನು ಮಾಡಬಾರದೆಂಬುದು ಕೇಳಿದವನಿಗೆ ಅರ್ಥವಾಗುತ್ತಿತ್ತು. ಅದು ವರ್ಣನೆಯೂ ಹೌದು, ವಿಧಿನಿಷೇಧವೂ ಹೌದು. ಕಾನು, ಬೇಣ, ಜಡ್ಡಿಗಳೆಲ್ಲವನ್ನೂ ‘ಕಾಡು’ ಎಂಬ ಒಂದೇ ಮಾತಿನಿಂದ ಕರೆಯುವವನಿಗೆ ಎಲ್ಲ ಕಾಡೂ ಒಂದೇ. ಒಂದು ಕಡೆ ಕಡಿದು ಇನ್ನೊಂದು ಕಡೆ ಸಾಲಾಗಿ ಅಕೇಶಿಯ ನೆಟ್ಟರೆ ಲೆಕ್ಕ ಸರಿಹೋಯಿತೆಂದು ಅವನು ಪ್ರಾಮಾಣಿಕವಾಗಿಯೇ ಭಾವಿಸುತ್ತಾನೆ. ಶಬ್ದ ಸೊರಗಿದಲ್ಲಿ ವಿವೇಚನೆ ಸೊರಗುತ್ತದೆ. ವಿವೇಚನೆ ಸೊರಗಿದಲ್ಲಿ ವಸ್ತು ಉಳಿಯದು. ಲ್ಯಾಟಿನ್ ನಾಮಾವಳಿಯಲ್ಲಿ ಕತ್ತಲೆಕಾನು ಚಿರಸ್ಥಾಯಿಯಾಗಿ ನಿಂತು, ಕನ್ನಡದ ಮಕ್ಕಳಿಗೆ ಮಾತ್ರ ಕಾನೆಂದರೇನೆಂದು ತಿಳಿಯದೆ ಹೋದರೆ, ಅದಕ್ಕಿಂತ ವಿಡಂಬನೆ ಬೇರೊಂದಿರಲಾರದು.

ಈ ವಿಷಯದಲ್ಲಿ ಶಾಲೆಗಳು ಮಾಡಬಹುದಾದ ಕಾರ್ಯ ಅಲ್ಪವಲ್ಲ, ಅದಕ್ಕೆ ಬೇಕಾದ ವೆಚ್ಚವೂ ಅಧಿಕವಲ್ಲ. ಪ್ರತಿಯೊಂದು ಊರಿನಲ್ಲಿಯೂ ಗಿಡಮರಗಳ ಹೆಸರನ್ನು ಬಲ್ಲ ಹಿರಿಯರಿದ್ದಾರೆ. ನಾಟಿ ಮದ್ದು ಕೊಡುವ ಅಜ್ಜಿಯರಿದ್ದಾರೆ, ದನ ಕಾಯ್ದವರಿದ್ದಾರೆ, ಕಾಡುತ್ಪನ್ನ ಆಯ್ದವರಿದ್ದಾರೆ. ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳು ಅಂಥವರ ಬಳಿ ಕುಳಿತು ಹೆಸರು, ಬೆಳೆಯುವ ಎಡೆ, ಹೂಬಿಡುವ ಕಾಲ, ಉಪಯೋಗ ಇಷ್ಟನ್ನು ಬರೆದುಕೊಂಡು ಬಂದರೆ, ಹತ್ತು ವರ್ಷಗಳಲ್ಲಿ ಆ ಸೀಮೆಯ ಸಸ್ಯನಿಘಂಟೊಂದು ಶಾಲೆಯ ಕಪಾಟಿನಲ್ಲಿ ಸಿದ್ಧವಾಗಿರುತ್ತದೆ. ಕನ್ನಡದ ಅಧ್ಯಾಪಕರು ಶಬ್ದಗಳನ್ನೂ ವಿಜ್ಞಾನದ ಅಧ್ಯಾಪಕರು ಸಸ್ಯಗಳನ್ನೂ ನೋಡಿಕೊಂಡರೆ, ಬೇರೆಬೇರೆಯಾಗಿ ನಡೆಯುವ ಎರಡು ಪಾಠಗಳು ಒಂದೆಡೆ ಕೂಡುತ್ತವೆ. ಕತ್ತಲೆಕಾನಿನ ಮರಕ್ಕೆ ಶಾಸ್ತ್ರದ ಹೆಸರು ಬರುವುದಕ್ಕೆ 2000ನೆಯ ಇಸವಿಯವರೆಗೆ ಕಾಯಬೇಕಾಯಿತು. ಊರಿನ ಹಿತ್ತಿಲ ಆಚೆಗೆ, ಹಳ್ಳದ ಬದಿಗೆ, ಗುಡ್ಡದ ಬೆನ್ನಿಗೆ ಇನ್ನೂ ಹೆಸರಿಲ್ಲದೆ ಹೂ ಬಿಡುತ್ತಿರುವ ಸಸ್ಯಗಳು ಇಲ್ಲವೆಂದು ಯಾರೂ ಧೈರ್ಯವಾಗಿ ಹೇಳಲಾರರು. ಅವುಗಳಲ್ಲಿ ಒಂದರ ಮುಂದೆ ನಾಳೆ ಯಾವನಾದರೂ ವಿದ್ಯಾರ್ಥಿ ನಿಂತು ‘ಇದರ ಹೆಸರೇನು?’ ಎಂದು ಕೇಳಿದಾಗ, ಉತ್ತರ ತಿಳಿಯದಿದ್ದರೂ ಆ ಪ್ರಶ್ನೆಯ ಬೆಲೆಯನ್ನು ಬಲ್ಲ ಅಧ್ಯಾಪಕರೊಬ್ಬರು ಅವನ ಪಕ್ಕದಲ್ಲಿರಬೇಕು.